ಬೆಳಕಿಗೆ ಹಿಡಿದು ನೋಡುವ ಭಾವ

ನಮ್ಮ ಭಾವನ ಕೈಗೆ ಏನನ್ನು ಕೊಟ್ಟರೂ ಅದು ಮೊದಲು ಬೆಳಕಿನ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕು. ಮೊದಲ ಸಲ ನಮ್ಮ ಮನೆಗೆ ಬಂದ ದಿನವೇ, ನಾನು ತಂದಿಟ್ಟ ನೀರಿನ ಲೋಟವನ್ನು ಕಿಟಕಿಯತ್ತ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಕುಡಿದವರು. ಇಂಥವರ ಜೊತೆ ಬಾಳುವುದು ತನ್ನಿಂದಾಗದು ಎಂದ ಅಕ್ಕ ಕೊನೆಗೆ ಅವರನ್ನೇ ಕಟ್ಟಿಕೊಂಡಳು.

ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕೋಶಗಳನ್ನು ಬೆಳಕಿನಿಂದ ಪತ್ತೆಹಚ್ಚುವ ಸಾಧನವೊಂದನ್ನು ರೂಪಿಸುವುದರಲ್ಲಿ ಅವರ ಅರ್ಧ ಆಯುಷ್ಯ ಸವೆದಿದೆ. ಉಗುರಿನಗಲದ ಗಾಜಿನ ಬಿಲ್ಲೆ. ಅದರ ಮೇಲೆ ಆ ಕೋಶಗಳನ್ನಷ್ಟೇ ಹಿಡಿದು ನಿಲ್ಲಿಸುವ ಲೇಪ. ಕೋಶ ಸಿಕ್ಕಿಬಿದ್ದರೆ ಗಾಜಿನೊಳಗೆ ಹರಿಯುವ ಬೆಳಕು ಕೂದಲೆಳೆಯಷ್ಟು ಬದಲಾಗಿ, ಪರದೆಯ ಮೇಲಿನ ಗೆರೆ ತಲೆಯೆತ್ತುತ್ತದೆ. ರೋಗಿಗಳ ರಕ್ತದೊಡನೆ ಹೋಲಿಸಲು ಆರೋಗ್ಯವಂತರ ರಕ್ತವೂ ಬೇಕಲ್ಲ, ಅದಕ್ಕಾಗಿ ಅವರು ಇನ್ನೊಬ್ಬರನ್ನು ಬೇಡದೆ ತಮ್ಮ ಎಡದೋಳನ್ನೇ ಚಾಚುತ್ತಿದ್ದರು. ಹಾಗಾಗಿ ಅವರ ಬಿಳಿ ಕೋಟಿನ ಎಡಗೈ ಸದಾ ಮಡಚಿಕೊಂಡೇ ಇರುತ್ತಿತ್ತು. ಅವರ ರಕ್ತದ ಗೆರೆಯೋ, ಮಧ್ಯಾಹ್ನದ ನಿದ್ದೆ ಹೊಡೆಯುವವರಂತೆ ಅಲ್ಲಾಡದೆ ಅಡ್ಡಬಿದ್ದಿರುತ್ತಿತ್ತು. ಅದರ ಬಗ್ಗೆ ಅವರಿಗೆ ಒಳಗೊಳಗೇ ಸಣ್ಣ ಜಂಬ.

ಒಂದು ಬೆಳಿಗ್ಗೆ ಆ ಗೆರೆ ಎದ್ದು ಕೂತಿತು.

ಭಾವ ಗಾಜನ್ನು ಬೈದರು. ಬಿಲ್ಲೆ ಬದಲಾಯಿಸಿದರು, ಹೊಸ ಲೇಪ ಹಚ್ಚಿದರು, ದೀಪದ ಮೇಲೆ ಗುಮಾನಿಪಟ್ಟರು, ಗಾಳಿಗುಳ್ಳೆಯ ಮೇಲೆ ಗೂಬೆ ಕೂರಿಸಿದರು; ಗೆರೆ ಜಪ್ಪಯ್ಯ ಅನ್ನಲಿಲ್ಲ. ವಾರಗಟ್ಟಲೆ ನಡೆದ ಈ ವಿಚಾರಣೆಯಲ್ಲಿ ಅವರು ಸಂಶಯಪಡದೆ ಬಿಟ್ಟದ್ದು ತಮ್ಮ ರಕ್ತವೊಂದನ್ನೇ. ಊಟದ ಮೇಜಿನಲ್ಲಿ ಯಂತ್ರ ಕೆಟ್ಟಿತೆಂದು ಗೊಣಗುತ್ತಿದ್ದಾಗ, ಆ ಮಡಚಿದ ತೋಳನ್ನೇ ನೋಡುತ್ತ ಅಕ್ಕ ಕೇಳಿದಳು:

"ಅದು ನಿಜಾನೇ ಹೇಳ್ತಿದ್ರೆ ಏನ್ರೀ ಮಾಡ್ತೀರಿ?"

ಭಾವ ಲೋಟವನ್ನು ಬೆಳಕಿಗೆ ಹಿಡಿಯದೆಯೇ ನೀರು ಕುಡಿದರು.

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ದೊಡ್ಡ ಕರುಳಿನಲ್ಲಿ, ಇನ್ನೂ ನೋವು ಕೊಡುವಷ್ಟು ಬೆಳೆಯದ ಗಂಟು. ಶಸ್ತ್ರಚಿಕಿತ್ಸೆಯಾದ ಮೇಲೆ ನೋಡಲು ಹೋದೆ. ಸರಿಹೋಗುತ್ತದೆಂದು ವೈದ್ಯರು ಹೇಳಿದ್ದರೂ ಮನಸ್ಸು ಕೇಳಬೇಕಲ್ಲ, ಅಳು ಒತ್ತಿಕೊಂಡು ಬರುತ್ತಿತ್ತು. ಭಾವ ನನ್ನ ಕೈ ಹಿಡಿದುಕೊಂಡರು. ಪ್ರೀತಿಯೆಂದುಕೊಂಡೆ. ನೋಡಿದರೆ, ನನ್ನ ಅಂಗಿಯ ತೋಳನ್ನು ಮೇಲಕ್ಕೇರಿಸಿ, ಕಿಟಕಿಯ ಬೆಳಕಿಗೆ ತಿರುಗಿಸಿ, ನರ ಹುಡುಕುತ್ತಿದ್ದಾರೆ!

"ನನ್ನದು ಇನ್ನು ರೋಗಿಗಳ ಸಾಲಿಗೆ ಹೋಯ್ತಪ್ಪ. ಹೋಲಿಕೆಗೆ ನಿನ್ನದು ಬೇಕು. ಕೊಡ್ತೀಯಾ?"

ಕೊಟ್ಟೆ, ಈಗಲೂ ಕೊಡುತ್ತಿದ್ದೇನೆ; ಪ್ರತಿ ಸಲವೂ ಪರದೆಯ ಗೆರೆ ಮಲಗಿಯೇ ಇದೆಯೆಂದು ನೋಡಿದ ಮೇಲೆಯೇ ಮನೆಗೆ ಹೊರಡುತ್ತೇನೆ. ಇಂಥ ಜನಕ್ಕೆ ಸಾವಿನ ಭಯವಿಲ್ಲವೆಂದು ಯಾರೂ ತಿಳಿಯಬಾರದು; ನನ್ನ ನರ ತಡಕಿದ ಆ ಬೆರಳುಗಳು ನಡುಗುತ್ತಿದ್ದವು. ಆದರೂ ಬಾಳೆಲ್ಲ ಕಷ್ಟಪಟ್ಟು ಮಾತು ಕಲಿಸಿದ ಯಂತ್ರ ತಮ್ಮ ವಿಷಯದಲ್ಲಿಯೂ ದಾಕ್ಷಿಣ್ಯ ತೋರಿಸಲಿಲ್ಲವೆಂಬ ಸಂತೋಷ ಅವರಿಗೆ ಆ ಹಾಸಿಗೆಯಲ್ಲಿಯೂ ಬೇಕಾಗಿರುತ್ತದೆ.