ಊರು ಗೊತ್ತಿಲ್ಲದ ಗಡಿಯಾರ

ಪರದೆಯಲ್ಲಿ ಮತ್ತೆ ಕೆಂಪು, ಪರೀಕ್ಷೆ ಫೇಲು. ಆ ಪುಟ್ಟ ಯಂತ್ರವೊಂದೇ ಹಟ ಹಿಡಿದಿತ್ತು: ಮಗು ಹುಟ್ಟಿದ್ದು ಮಾರ್ಚ್ ಮೂರಕ್ಕೆ. ನಾಲ್ಕಕ್ಕಲ್ಲ.

"ಸುಳ್ಳು ಬೊಗಳ್ತಿದೆ," ಎಂದ ಮೆದೆರ್, ಪರದೆಗೆ.

ಎದುರು ಮೇಜಿನ ಗುಲ್ಬಾರಾ ತಲೆಯೆತ್ತಲಿಲ್ಲ. "ಅಣ್ಣಾ, ಅದೊಂದರ ಮೇಲೆ ಈ ಪರೀಕ್ಷೆ ಓಡೋದೇ ಬೇಡ ಅಂತ ಗುರುತು ಹಾಕ್ಬಿಡಿ. ಎಲ್ಲಾ ಹಸಿರಾಗುತ್ತೆ. ಸಂಜೆ ಬಿಡುಗಡೆ ಮಾಡಿ ಮನೆಗೆ ಹೋಗೋಣ."

"ಆಗಲ್ಲ."

"ಯಾಕೆ?"

"ಆಗಲ್ಲ ಅಂದ್ರೆ ಆಗಲ್ಲ ಕಣಮ್ಮ."

ಅವರು ಕಟ್ಟುತ್ತಿದ್ದದ್ದು ಒಂದು ಪ್ರೋಗ್ರಾಮಿಂಗ್ ಭಾಷೆ ಓಡಲು ಬೇಕಾದ ತಳಹದಿ. ದೊಡ್ಡ ಸರ್ವರ್ ಇರಲಿ, ಬೆಟ್ಟದ ಕಾಲುವೆಯಲ್ಲಿ ನೀರಳೆಯುವ ಅಂಗೈಯಗಲದ ಯಂತ್ರವಿರಲಿ, ಅದೇ ಪರೀಕ್ಷೆ ಎಲ್ಲೆಡೆ ತಾನಾಗಿ ಓಡಿ ಅದೇ ಉತ್ತರ ಕೊಡಬೇಕು. ಗಡಿಯಾರದ ಪರೀಕ್ಷೆಗೆ ಯಾವುದಾದರೊಂದು ಗಳಿಗೆ ಬೇಕಿತ್ತು. ಈ ಕಸುಬಿನವರೆಲ್ಲ ಮಾಡುವ ಹಾಗೆ ಮೆದೆರ್ ಮನೆಯದನ್ನೇ ತುಂಬಿದ್ದ: ತಾವಿದ್ದ ಊರು ಬಿಷ್ಕೆಕ್‌ನಲ್ಲಿ ಮಗಳು ಅಯ್ಪೇರಿ ಹುಟ್ಟಿದ ನಸುಕಿನ ಗಳಿಗೆ.

ಆಮೇಲೆ ಹೆಂಡತಿ ದಮಿರಾ ಮಗಳನ್ನು ಕರೆದುಕೊಂಡು ಲಿಸ್ಬನ್ನಿಗೆ ಹೊರಟುಹೋದಳು. ಮಗಳದೊಂದು ಕಾಲುಚೀಲವೂ ಮನೆಯಲ್ಲಿ ಉಳಿದಿರಲಿಲ್ಲ. ಉಳಿದದ್ದು ಪರೀಕ್ಷೆಯ ಈ ಒಂದು ಸಾಲು. ಅದನ್ನು ಬಿಟ್ಟುಕೊಡಲು ಅವನು ತಯಾರಿರಲಿಲ್ಲ.

ಊಟ ಬಿಟ್ಟ. ಪಿಯಾಲೆಯಲ್ಲಿ ಚಹಾ ಆರಿತು. ಕೊನೆಗೂ ತಪ್ಪು ಸಿಕ್ಕಿತು. ಥೂ, ಇಷ್ಟೇನಾ! ಪರೀಕ್ಷೆ ಬಿಷ್ಕೆಕ್ಕಿನ ಸಮಯ ಕೇಳುತ್ತಿತ್ತು. ಪುಟ್ಟ ಯಂತ್ರದಲ್ಲಿ ಊರುಗಳ ಹೆಸರಿಗೆ ಜಾಗವೇ ಇರಲಿಲ್ಲ. ಅದು ಲೋಕಕ್ಕೆಲ್ಲ ಒಂದೇ ಆದ ಸೊನ್ನೆ ಗಡಿಯಾರ ಹಿಡಿದು, ಆರು ಗಂಟೆ ಹಿಂದಕ್ಕೆ ಸರಿದು, ಹಿಂದಿನ ದಿನ ಹೇಳುತ್ತಿತ್ತು. ಸುಳ್ಳಲ್ಲ. ತನ್ನ ಕೋಣೆಯ ಗಡಿಯಾರವೇ ಲೋಕದ್ದು ಎಂದುಕೊಂಡವನು ಮೆದೆರ್.

"ಹಾಗಿದ್ರೆ ಗಳಿಗೆ ಇರ್ಲಿ, ಉತ್ತರ ಮಾತ್ರ ಮೂರು ಅಂತ ಬರೀರಿ," ಎಂದಳು ಗುಲ್ಬಾರಾ. "ಬಿಷ್ಕೆಕ್ ಬದಲು ಸೊನ್ನೆ ಗಡಿಯಾರ ಕೇಳಿ, ಅದು ಎಲ್ಲಾ ಯಂತ್ರಕ್ಕೂ ಗೊತ್ತು."

"ಹುಟ್ಟಿದ್ದು ನಾಲ್ಕಕ್ಕೆ."

"ಯಾರು?"

"ಯಾರೂ ಇಲ್ಲ."

ಬಿಷ್ಕೆಕ್ ಅಳಿಸಿದ. ನಾಲ್ಕು ಅಳಿಸಿದ. ಮೂರು ಬರೆದ. ಒಂದಾದ ಮೇಲೊಂದು ಯಂತ್ರ ಹಸಿರಾಯಿತು, ಪುಟ್ಟದ್ದೂ. ಎಷ್ಟೋ ದಿನಗಳ ಮೇಲೆ ಅವನಿಗೆ ನಿಜಕ್ಕೂ ಖುಷಿಯಾಯಿತು. ಎಲ್ಲ ಯಂತ್ರಗಳೂ ಒಪ್ಪಿದ ಆ ಮೂರನೇ ತಾರೀಖು ಇವತ್ತೇ ಎಂದು ಹೊಳೆದದ್ದೇ ಲಿಸ್ಬನ್ನಿಗೆ ವಿಡಿಯೊ ಕರೆ ಮಾಡಿದ.

"ಹುಟ್ಟುಹಬ್ಬದ ಶುಭಾಶಯ, ಪುಟ್ಟಿ!"

"ಅಪ್ಪಾ, ನನ್ ಹುಟ್ಟುಹಬ್ಬ ನಾಳೆ."

"ಇಲ್ಲಮ್ಮ, ಇವತ್ತೇ. ಎಲ್ಲಾ ಕಡೆ ಪರೀಕ್ಷೆ ಮಾಡಿದೀನಿ."

"ಅಮ್ಮನ್ನ ಕೇಳ್ಕೊಂಡ್ ಬರ್ತೀನಿ," ಎಂದು ಮಗಳು ಫೋನನ್ನು ಎಲ್ಲೋ ಅಂಗಾತ ಇಟ್ಟು ಹೋದಳು.

ಮೆದೆರ್ ಕಾದ. ಫೋನಿನ ತುಂಬ ಒಂದು ಬಿಳಿ ಚಾವಣಿ, ನಡುವೆ ಒಂದು ಬಲ್ಬು. ಯಾವ ಊರಿನದಾದರೂ ಆಗಬಹುದಿತ್ತು.