ಅಕ್ಕನಿಗೂ ಹೇಳದ ಮಾತು

ಅಕ್ಕ ಅಂಗಡಿಯೊಳಗೆ ಕಾಲಿಟ್ಟಾಗ ಗಿರಾಕಿಗಳು ಯಾರೂ ಇರಲಿಲ್ಲ. ಹೊತ್ತು ನೋಡಿಕೊಂಡೇ ಬಂದಿದ್ದಳು. ಎದುರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತಿದ್ದು, ಕೊನೆಯ ಗಿರಾಕಿ ಮೆಟ್ಟಿಲಿಳಿದ ಮೇಲೆಯೇ ಎದ್ದಿದ್ದಳು.

ಇಪ್ಪತ್ತಾರು ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದ ತಂಗಿಯನ್ನು ಬೀದಿಯವರೆಲ್ಲ ಮಾತ್ರೆ ಮೇಡಂ ಎನ್ನುತ್ತಿದ್ದರು. ಅವಳು ಮೊದಲು ಚೀಟಿ ನೋಡುವಳು, ಆಮೇಲೆ ಮುಖ ನೋಡುವಳು. ಮುಖದಲ್ಲಿ ನಾಚಿಕೆ ಕಂಡರೆ ತಾನಾಗಿಯೇ ದನಿ ತಗ್ಗಿಸಿ, ಮಾತ್ರೆಯ ಹೆಸರು ಕಾಣದಂತೆ ಕಂದು ಕಾಗದದಲ್ಲಿ ಸುತ್ತಿ ಕೊಡುವಳು.

"ನೇರ ವಿಷಯಕ್ಕೆ ಬರ್ತೀನಿ," ಎಂದಳು ಅಕ್ಕ. "ಆ ಹುಡುಗ ತಿಂಗಳಿಗೊಂದು ಸಲ ನಿನ್ನ ಅಂಗಡಿಯಿಂದ ಪೊಟ್ಟಣ ಹಿಡ್ಕೊಂಡು ಹೋಗ್ತಾನೆ. ಕಣ್ಣಾರೆ ನೋಡಿದೀನಿ."

ಆ ಹುಡುಗನೆಂದರೆ ಅಕ್ಕನ ಮಗಳು ಮೆಚ್ಚಿದ ಹುಡುಗ. ಮದುವೆಗೆ ಹೂಂ ಅಥವಾ ಊಹೂಂ ಎಂದು ಅವನ ಮನೆಯವರಿಗೆ ಅವತ್ತು ಸಂಜೆ ಹೇಳಬೇಕಿತ್ತು.

"ಬರ್ತಾನೋ ಇಲ್ಲವೋ, ನಾನು ಹೇಳೋ ಹಾಗಿಲ್ಲ."

"ಏನು ಕಾಯಿಲೆ ಅವನಿಗೆ?"

"ಅದಂತೂ ಕೇಳಲೇಬೇಡ."

"ನಾನೇನು ದಾರೀಲಿ ಹೋಗೋಳೇನೇ? ದಿನಾ ಜಡೆ ಹಾಕಿ ನಿನ್ನ ಶಾಲೆಗೆ ಕಳಿಸಿದೋಳು!"

"ಜಡೆಯ ಋಣ ಬೇರೆ ಥರ ತೀರಿಸ್ತೀನಿ. ಗಿರಾಕಿ ಗುಟ್ಟು ನನ್ನ ಸ್ವಂತದ್ದಲ್ಲ ಅಕ್ಕ. ಪರವಾನಗಿ ತಗೊಳ್ಳುವಾಗ ಮಾತು ಕೊಟ್ಟಿದೀನಿ."

"ಬಾಯಿಬಿಟ್ಟು ಹೇಳಬೇಡ ಮತ್ತೆ. ಗಾಬರಿಪಡುವಂಥದ್ದಿದ್ದರೆ ಒಂದು ಸಲ ಕೆಮ್ಮು, ಸಾಕು."

ಹಾಗೆಂದದ್ದೇ ತಡ, ತಂಗಿಗೆ ನಿಜವಾಗಿಯೂ ಗಂಟಲು ಕೆರೆಯತೊಡಗಿತು. ಕಣ್ಣಲ್ಲಿ ನೀರು ತುಂಬಿತು. ನೀರು ಕುಡಿದರೆ ಅದಕ್ಕೂ ಅರ್ಥ ಹಚ್ಚಿಯಾಳೆಂದು ಲೋಟ ಮುಟ್ಟದೆ, ಉಸಿರು ಬಿಗಿಹಿಡಿದು ಕಂಬದಂತೆ ನಿಂತಳು.

ಅಕ್ಕ ಅವಳನ್ನೇ ದಿಟ್ಟಿಸಿ ನೋಡಿದಳು. "ಏನೂ ಇಲ್ಲದಿದ್ದರೆ ಇಲ್ಲ ಅಂತಿದ್ದೆ. ಅನ್ನಲಿಲ್ಲ. ಅಂದ್ರೆ ಏನೋ ಇದೆ! ಸಂಜೆ ಊಹೂಂ ಅಂದುಬಿಡ್ತೀನಿ."

ತಂಗಿ ಮನಸ್ಸು ಮಾಡಿದ್ದರೆ ಒಂದೇ ಮಾತಿನಲ್ಲಿ ಅಕ್ಕನ ಅನುಮಾನ ತೀರಿಸಬಹುದಿತ್ತು. ಆದರೆ ಇವತ್ತು ಒಬ್ಬರ ಬಗ್ಗೆ 'ಏನೂ ಇಲ್ಲ' ಎಂದರೆ, ನಾಳೆ ಇನ್ನೊಬ್ಬರ ಬಗ್ಗೆ ಸುಮ್ಮನಿದ್ದಾಗ 'ಏನೋ ಇದೆ' ಎಂದೇ ಆಗುತ್ತದೆ. ಹಾಗೆಂದು ಸುಮ್ಮನಿದ್ದರೆ ತಾನೇ ಎತ್ತಿ ಆಡಿಸಿದ ಹುಡುಗಿಯ ಮದುವೆ ಮುರಿಯುತ್ತದೆ. ಏನೂ ತೋಚದೆ ಅವಳು ಕೌಂಟರಿನ ಗಾಜು ಒರೆಸತೊಡಗಿದಳು.

ಅಷ್ಟರಲ್ಲಿ ಅಕ್ಕ ಬೀದಿಯತ್ತ ನೋಡಿ, "ಅಯ್ಯೋ, ಹುಡುಗನ ತಾಯಿ!" ಎಂದವಳೇ ಹತ್ತಿಯ ಪೆಟ್ಟಿಗೆಗಳ ಹಿಂದೆ ಕುಕ್ಕರಿಸಿದಳು.

ಹುಡುಗನ ತಾಯಿ ಒಳಗೆ ಬಂದು, ಬೇಡದಿದ್ದರೂ ಒಂದು ಬ್ಯಾಂಡೇಜ್ ಸುರುಳಿ ಕೇಳಿದರು. ಅದನ್ನು ತಿರುಗಿಸುತ್ತಾ, "ಒಂದು ಮಾತು ಮೇಡಂ," ಎಂದರು. "ನಿಮ್ಮ ಅಕ್ಕ ಇದಾರಲ್ಲ, ಹುಡುಗಿ ತಾಯಿ, ಅವರೇನಾದರೂ ಮಾತ್ರೆ ತಗೋತಾರಾ? ವಂಶದಲ್ಲಿ ಏನಾದರೂ ಇದ್ದರೆ... ತಾಯಿ ಕರುಳು ನೋಡಿ."

ಪೆಟ್ಟಿಗೆಗಳ ಹಿಂದೆ ಉಸಿರಾಟ ನಿಂತಿತು. ಅಕ್ಕನೂ ತಿಂಗಳಿಗೊಂದು ಪೊಟ್ಟಣ ಒಯ್ಯುತ್ತಿದ್ದಳು, ಭಾವನಿಗೂ ತಿಳಿಯದಂತೆ.

"ನಾನು ಹೇಳೋ ಹಾಗಿಲ್ಲಮ್ಮ," ಎಂದಳು ತಂಗಿ.

"ಏನೂ ಇಲ್ಲದಿದ್ದರೆ ಇಲ್ಲ ಅಂತಿದ್ರಿ. ಅಂದ್ರೆ ಇದೆ!"

ದಡಬಡ ಪೆಟ್ಟಿಗೆಗಳು ಉರುಳಿದವು. ಹತ್ತಿಯ ನಡುವಿನಿಂದ ಅಕ್ಕ ಎದ್ದು ನಿಂತಳು. "ಹಾಗೇನಿಲ್ಲ! ಅವಳು ಇದ್ದರೂ ಹೇಳಲ್ಲ, ಇಲ್ಲದಿದ್ದರೂ ಹೇಳಲ್ಲ. ನಿಮ್ಮ ಮಗನ ವಿಷಯ ಒಡಹುಟ್ಟಿದ ನನಗೇ ಹೇಳಲಿಲ್ಲ ಈ ಮೊಂಡಿ!"

ಹುಡುಗನ ತಾಯಿ ಬ್ಯಾಂಡೇಜ್ ಸುರುಳಿಯನ್ನು ಕೌಂಟರಿನ ಮೇಲೆ ಕುಕ್ಕಿದರು. "ಓಹೋ! ನೀವೂ ಕೇಳೋಕೇ ಬಂದಿರೋದು!"

"ನನ್ನನ್ನೇ ಕೇಳಬಹುದಿತ್ತಲ್ಲ ನೀವು?"

"ನೀವೂ ನನ್ನನ್ನೇ ಕೇಳಬಹುದಿತ್ತು."

ಇಬ್ಬರೂ ದುರುಗುಟ್ಟಿಕೊಂಡು ನಿಂತರು. ಮೊದಲು ನಕ್ಕವರು ಹುಡುಗನ ತಾಯಿ. ಮುಂದೆ ಬಂದು ಅಕ್ಕನ ತಲೆಗೂದಲಿಗೆ ಅಂಟಿದ್ದ ಹತ್ತಿಯನ್ನು ಮೆಲ್ಲಗೆ ಬಿಡಿಸಿದರು.

ತಂಗಿ ರಕ್ತದೊತ್ತಡ ನೋಡುವ ಪುಟ್ಟ ಕೋಣೆಯಲ್ಲಿ ಎರಡು ಕುರ್ಚಿ ಹಾಕಿ, ಎರಡು ಲೋಟ ನೀರಿಟ್ಟಳು. ಆ ಕೋಣೆಯ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಒಳಗಿನ ಮಾತು ಕಿವಿಗೆ ಬೀಳದಿರಲೆಂದು ಕಟಕಟ ಎನ್ನುವ ಹಳೆಯ ಫ್ಯಾನನ್ನು ಜೋರಾಗಿ ತಿರುಗಿಸಿದಳು. ಚೀಟಿಗಳೆಲ್ಲ ಹಾರಿದವು, ಅವಳು ಅಟ್ಟಿಸಿಕೊಂಡು ಹೋದಳು. ಫ್ಯಾನಿನ ಸದ್ದನ್ನೂ ಮೀರಿ ಒಮ್ಮೆ ಮೂಗು ಸೀಟಿದ ಸದ್ದು ಕೇಳಿತು, ಆಮೇಲೆ ಕುರ್ಚಿ ಅಲ್ಲಾಡುವಷ್ಟು ನಗು.

ಮುಕ್ಕಾಲು ಗಂಟೆಯ ಮೇಲೆ ಇಬ್ಬರೂ ಹೊರಬಂದರು. ಬೀಗಿತ್ತಿಯರಾಗಿಯೇ ಬಂದರೆನ್ನಬೇಕು, ಒಬ್ಬರ ಕೈಯಲ್ಲಿ ಇನ್ನೊಬ್ಬರ ಕೈ ಇತ್ತು.

"ಸಂಜೆ ಹೂಂ ಅಂತೀವಿ," ಎಂದಳು ಅಕ್ಕ.

ಹುಡುಗನ ತಾಯಿ ಹೊರಟ ಮೇಲೆ ತಂಗಿಗೆ ತಡೆಯಲಾಗಲಿಲ್ಲ. "ಅಷ್ಟೊಂದು ನಗು ಯಾಕೆ ಬಂತೇ?"

"ಅವರು ನನ್ನನ್ನ ನಂಬಿ ಹೇಳಿದ್ದು. ಅವರನ್ನ ಕೇಳದೆ ನಿನಗೆ ಹೇಗೆ ಹೇಳಲಿ?"

"ನಾನು ನಿನ್ನ ಒಡಹುಟ್ಟಿದೋಳು ಕಣೇ!"

"ಆದರೇನಂತೆ?" ಅಕ್ಕ ಮೆಟ್ಟಿಲಿಳಿದಳು.

ತಂಗಿ ಕೌಂಟರಿನ ಮೇಲೆ ಬಗ್ಗಿ ಕೂಗಿದಳು: "ಸಂಜೆ ಸಿಗ್ತಾರಲ್ಲ, ಮರೀದೆ ಕೇಳು!"