ಬೇರಿಂಗ್ ಹೋದ ಟ್ಯಾಂಗೊ

ವಾಷಿಂಗ್ ಮೆಷೀನ್ ರಿಪೇರಿಯವನಿಗೆ ಊರೆಲ್ಲ ಇಟ್ಟ ಹೆಸರು ಕಿವಿ ಡಾಕ್ಟರ್. ಮೆಷೀನಿನ ಪಕ್ಕ ಕಿವಿಗೊಟ್ಟು ನಿಂತನೆಂದರೆ ಸಾಕು, ಬಿಚ್ಚುವ ಮೊದಲೇ ರೋಗ ಹೇಳಿಬಿಡುತ್ತಿದ್ದ. ಹೆಸರು ನಂಬಿ ನಿಜವಾದ ಕಿವಿನೋವಿನವರು ಇಬ್ಬರು ಬಂದು ಹೋದದ್ದೂ ಉಂಟು. ಆದರೆ ಹೆಂಡತಿ ಮಾತ್ರ ಇತ್ತೀಚೆಗೆ ಒಂದೇ ರಾಗ ಹಿಡಿದಿದ್ದಳು: "ನಿಮ್ಗೆ ಕಿವಿ ಮಂದ ಆಗಿದೆ. ಹೋಗಿ ತೋರಿಸ್ಕೊಳ್ಳಿ." ಕಿವಿ ಹೋದರೆ ತನ್ನ ಬಳಿ ಉಳಿಯುವುದು ಬರೀ ಸ್ಪ್ಯಾನರ್ ಎಂಬ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಆ ಬೆಳಿಗ್ಗೆ ನಿವೃತ್ತ ಟೀಚರ್ ಮನೆಯಲ್ಲಿ ಸೋರುವ ಪೈಪು ಬದಲಾಯಿಸಿ ಮೆಷೀನ್ ಓಡಿಸಿ ನೋಡಿದ. ಧುಗ್ ಧುಗ್ ಧುಗ್, ನಡುವೆ ಕಿರ್ರ್!

"ಬೇರಿಂಗ್ ಹೋಗಿದೆ ಟೀಚರ್!" ಎಂದು ಕೂಗಿದ. ಸ್ವಿಚ್ ಆರಿಸಿದ, ಸದ್ದೂ ನಿಂತಿತು. ಮತ್ತೆ ಅನುಮಾನವೆಲ್ಲಿ? ಬೆಲ್ಟು, ಬೋಲ್ಟು ಎಲ್ಲ ನೆಲದ ಮೇಲೆ ಹರವಿ, ಡ್ರಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾಗ ಮತ್ತೆ ಧುಗ್ ಧುಗ್, ಕಿರ್ರ್. ಪ್ಲಗ್ ನೋಡಿದ. ಕಿತ್ತು ಬಿದ್ದಿತ್ತು. ಜೊತೆಗೆ ಹಾರ್ಮೋನಿಯಂ ಥರದ ಅಕಾರ್ಡಿಯನ್ ಬೇರೆ ಶುರುವಾಯಿತು. ಅಳುವ ಮೆಷೀನುಗಳನ್ನು ಅವನು ಬೇಕಾದಷ್ಟು ಕಂಡಿದ್ದ, ಆದರೆ ಇಷ್ಟು ಶ್ರುತಿ ಹಿಡಿದು ಅಳುವುದನ್ನು ಕಂಡಿರಲಿಲ್ಲ.

ಒಳಕೋಣೆಯಿಂದ ಟೀಚರ್ ನೆಲ ಒರೆಸುವ ಕೋಲನ್ನು ಎದೆಗವಚಿಕೊಂಡು ಕುಣಿಯುತ್ತ ಬಂದರು.

"ಹಳೇ ಸಾಮಾನಿನ ಅಂಗಡೀಲಿ ಈ ಹಾಡಿನ ಆಲ್ಬಂ ಸಿಕ್ತು ಕಣಪ್ಪ! ಟ್ಯಾಂಗೊ ಅಂತೆ, ಜೋಡಿಯಾಗಿ ಕುಣಿಯೋದು. ಅದಕ್ಕೆ ಕಂಪ್ಯೂಟರ್ ಸದ್ದು ಬೆರೆಸಿದಾರೆ. ನಿಲ್ಲಿಸಿ ನಿಲ್ಲಿಸಿ ಹಾಕ್ಕೊಂಡು ಹೆಜ್ಜೆ ಕಲೀತಿದ್ದೆ. ಅಯ್ಯಯ್ಯೋ, ನನ್ನ ಮೆಷೀನ್!"

"ಆ ಕಿರ್ರ್ ಅನ್ನೋದು ಬೇರಿಂಗ್ ಟೀಚರ್."

"ಅದು ಸಂಗೀತ ಕಣಪ್ಪ. ಒಂದ್ಸಲ ಕಿವಿ ತೋರಿಸ್ಕೋ."

ಇವರೂ ಅದನ್ನೇ ಹೇಳಬೇಕೆ! ಮೆಷೀನ್ ಜೋಡಿಸಿ, ಹಾಡು ನಿಲ್ಲಿಸಿ, ಓಡಿಸಿ ನೋಡಿದ. ಕಿರ್ರ್ ಇಲ್ಲ, ಕೊರ್ರ್ ಇಲ್ಲ, ಬೇರಿಂಗ್ ಗುಂಡುಕಲ್ಲಿನ ಹಾಗಿತ್ತು. ಅವನಿಗೆ ಅಳುವೇ ಬಂತು.

ಟೀಚರಿಗೆ ಕನಿಕರವಾಯಿತು. ಕನ್ನಡಕ ಏರಿಸಿ ಆಲ್ಬಮ್ಮಿನ ಬೆನ್ನು ತಿರುಗಿಸಿ ಪಾಠ ಓದುವಂತೆ ಓದಿದರು. "ಏನೇನು ನುಡಿಸಿದಾರೆ ನೋಡು. ಅಕಾರ್ಡಿಯನ್. ಪಿಟೀಲು. ಪಿಯಾನೊ. ಕಂಪ್ಯೂಟರ್." ಅಲ್ಲಿಗೆ ನಿಂತರು. ಕನ್ನಡಕ ಒರೆಸಿಕೊಂಡರು. "ಹಳೇ ವಾಷಿಂಗ್ ಮೆಷೀನ್, ಒಂದು."

ಕಿವಿ ಡಾಕ್ಟರ್ ಆ ಕೋಲನ್ನು ಕಸಿದುಕೊಂಡು ಎರಡು ಸುತ್ತು ಕುಣಿದೇಬಿಟ್ಟ. ಮತ್ತೆ ಹಾಡು ಹಾಕಿಸಿ, ಹೆಂಡತಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಿಡಿದ.

"ಯಾರ ಮನೆ ಮೆಷೀನ್ ರೀ ಅದು?" ಎಂದಳು ಅವಳು. "ಬೇರಿಂಗ್ ಪೂರ್ತಿ ಹೋಗಿದೆ!"

ಮದುವೆಯಾದ ದಿನವೂ ಅವಳ ಮೇಲೆ ಅವನಿಗೆ ಅಷ್ಟು ಪ್ರೀತಿ ಉಕ್ಕಿರಲಿಲ್ಲ.

"ಸಂಜೆ ಈ ಹಾಡು ಮನೆಗೆ ತರ್ತೀನಿ ಕಣೇ, ಇಬ್ರೂ ಕುಣಿಯೋಣ!"

"ಆಂ? ಏನಂದ್ರಿ? ಕೇಳಿಸ್ಲಿಲ್ಲ."

"ಕೇಳಿಸ್ಲಿಲ್ವಾ?" ಅವನು ಆರಾಮಾಗಿ ಕುರ್ಚಿ ಎಳೆದುಕೊಂಡು ಕೂತ. "ಒಂದ್ಸಲ ಕಿವಿ ತೋರಿಸ್ಕೋ."